ಏಳರಲ್ಲಿ ಎಲ್ಲರೂ ಸತ್ಯವಂತರೇ

ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದೊಡನೆ ಅದು ಕೆಂಪೇರುವುದನ್ನು ನಮ್ಮಲ್ಲಿ ನೋಡದವರು ಕಡಿಮೆ. ಮದುವೆಯ ಮನೆಯಲ್ಲಿ, ಬಾಣಂತಿ ಮಗುವಿನೊಡನೆ ಹೊಸ್ತಿಲು ದಾಟುವ ಹೊತ್ತಿನಲ್ಲಿ ಈ ಕೆಂಪು ನೀರನ್ನು ನಿವಾಳಿಸಿ ಚೆಲ್ಲುತ್ತಿದ್ದ ನಮ್ಮ ಅಜ್ಜಿಯರು ರಸಾಯನಶಾಸ್ತ್ರದ ಒಂದು ಪರೀಕ್ಷೆಯನ್ನೇ ಮಾಡುತ್ತಿದ್ದರು. ನೀರು ಕ್ಷಾರದ ಕಡೆಗೆ ವಾಲಿದಾಗ ಅರಿಶಿನ ಬಣ್ಣ ಬದಲಿಸುತ್ತದೆ. ನಿಂಬೆಯ ಹುಳಿ ಹಿಂಡಿದರೆ ಮತ್ತೆ ಹಳದಿಗೆ ಮರಳುತ್ತದೆ. ಆದರೆ ಅರಿಶಿನಕ್ಕೆ ಗೊತ್ತಿರುವುದು ಹೌದು, ಅಲ್ಲ ಎಂಬ ಎರಡೇ ಮಾತು. ಎಷ್ಟು ಕ್ಷಾರ, ಎಷ್ಟು ಹುಳಿ ಎಂದು ಕೇಳಿದರೆ ಅದು ಉತ್ತರಿಸದು. ಆ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಬರೆದು, ಮುದ್ರೆಯೊತ್ತಿ, ಸಹಿ ಹಾಕಿ ಕೊಡುವುದು ನಮ್ಮ ಜೀವನೋಪಾಯ.

ದಿಲ್ಲಿಯ ಓಖ್ಲಾ ಕೈಗಾರಿಕಾ ಪ್ರದೇಶದ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ ನಾವು ನಾಲ್ವರು ನೀರನ್ನು ಪರೀಕ್ಷಿಸುತ್ತೇವೆ. ಗುರುಗ್ರಾಮದ ವಸತಿ ಸಮುಚ್ಚಯಗಳ ಕೊಳವೆಬಾವಿಯ ನೀರು, ನೋಯ್ಡಾದ ಶಾಲೆಗಳ ಟ್ಯಾಂಕಿನ ನೀರು, ಫರೀದಾಬಾದಿನ ಕಾರ್ಖಾನೆಗಳ ತ್ಯಾಜ್ಯ ನೀರು, ಎಲ್ಲವೂ ಚೀಟಿ ಅಂಟಿಸಿದ ಬಾಟಲಿಗಳಲ್ಲಿ ನಮ್ಮ ಮೇಜಿಗೆ ಬರುತ್ತವೆ. ಗಡಸುತನ, ಕ್ಲೋರೈಡು, ಲೋಹಾಂಶಗಳ ಪರೀಕ್ಷೆಗಳಿಗೆ ಹೊತ್ತು ಹಿಡಿಯುತ್ತದೆ. ಪಿಎಚ್ ಮಾತ್ರ ಎರಡು ನಿಮಿಷದ ಕೆಲಸ. ಆ ಎರಡು ನಿಮಿಷದ ಕೆಲಸದಲ್ಲಿಯೇ ನಾವು ಒಮ್ಮೆ ಎಡವಿದೆವು. ಎಡವಿದ ಬಗೆಯನ್ನು ಹೇಳುವ ಮೊದಲು ಆ ಉಪಕರಣದ ಪರಿಚಯ ಮಾಡಿಕೊಡಬೇಕು.

ಪಿಎಚ್ ಮೀಟರಿನಲ್ಲಿ ಮೀಟರಿಗಿಂತ ಮುಖ್ಯವಾದುದು ತಂತಿಯ ತುದಿಯಲ್ಲಿರುವ ಎಲೆಕ್ಟ್ರೋಡು. ಬೆರಳಿನ ಗಾತ್ರದ ಗಾಜಿನ ಕೊಳವೆ. ಅದರ ತುದಿಗೆ ನೆಲ್ಲಿಕಾಯಿಗಿಂತ ಚಿಕ್ಕದಾದ ತೆಳುಗಾಜಿನ ಗೋಲ. ಈ ಗಾಜು ನೀರುಂಡಾಗ ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಳೆಯಂಥ ಪದರವೊಂದು ಏಳುತ್ತದೆ. ಹೈಡ್ರೋಜನ್ ಅಯಾನುಗಳಿಗೆ ಸ್ಪಂದಿಸುವುದು ಆ ಪದರವೇ. ಒಳಗಿನ ದ್ರಾವಣಕ್ಕೂ ಹೊರಗಿನ ನೀರಿಗೂ ಇರುವ ಅಂತರವು ಗಾಜಿನ ಎರಡು ಬದಿಗಳ ನಡುವೆ ಕೆಲವು ಮಿಲಿವೋಲ್ಟುಗಳ ವಿದ್ಯುತ್ತಾಗಿ ತೋರುತ್ತದೆ. ಅದನ್ನು ಹೋಲಿಸಿ ನೋಡಲು ಕದಲದ ಇನ್ನೊಂದು ನೆಲೆ ಬೇಕು. ಅದಕ್ಕೆಂದು ಕೊಳವೆಯ ಹೊರಕವಚದಲ್ಲಿ, ಸಿಲ್ವರ್ ಕ್ಲೋರೈಡ್ ಲೇಪನದ ಬೆಳ್ಳಿಯ ತಂತಿಯೊಂದು ಪೊಟ್ಯಾಸಿಯಂ ಕ್ಲೋರೈಡಿನ ಉಪ್ಪುನೀರಿನಲ್ಲಿ ಮುಳುಗಿರುತ್ತದೆ. ಪುಟ್ಟದೊಂದು ಪಿಂಗಾಣಿ ಬಿರಡೆಯ ಸೂಕ್ಷ್ಮ ರಂಧ್ರಗಳ ಮೂಲಕ ಆ ಉಪ್ಪುನೀರು ಅತಿ ನಿಧಾನವಾಗಿ ಹೊರಗೆ ಒಸರುತ್ತಲೇ ಇರಬೇಕು. ಒಸರು ನಿಂತರೆ ಅಳತೆಯೂ ದಾರಿ ತಪ್ಪುತ್ತದೆ. ಏಳರ ಆಸುಪಾಸಿನಲ್ಲಿ ಎಲೆಕ್ಟ್ರೋಡಿನ ವಿದ್ಯುತ್ತು ಸೊನ್ನೆ. ಅಲ್ಲಿಂದ ಆಚೀಚೆ ಒಂದೊಂದು ಅಂಕ ಸರಿದಂತೆ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಅದು 59.16 ಮಿಲಿವೋಲ್ಟಿನಷ್ಟು ಬದಲಾಗಬೇಕು. ಈ ಬದಲಾವಣೆಯ ಪ್ರಮಾಣಕ್ಕೆ ಸ್ಲೋಪ್ ಎಂದು ಹೆಸರು. ಎಲೆಕ್ಟ್ರೋಡಿನ ಆಯಸ್ಸು ಕರಗುವುದೆಂದರೆ ಈ ಸ್ಲೋಪ್ ಕುಗ್ಗುವುದು.

ಪಿಎಚ್ ಎಂಬ ಮಾಪಕವನ್ನು 1909ರಲ್ಲಿ ರೂಪಿಸಿದವನು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್ಸನ್. ಬಿಯರ್ ತಯಾರಿಸುವ ಮನೆತನದ ಪ್ರಯೋಗಾಲಯ ಅದು. ಕಿಣ್ವಗಳ ಅಧ್ಯಯನದಲ್ಲಿ ಹುಳಿಯನ್ನು ಅಳೆಯುವ ಸುಲಭದ ಅಂಕಿಯೊಂದು ಅವನಿಗೆ ಬೇಕಾಗಿತ್ತು. ಅದೇ ವರ್ಷ ಹೇಬರ್ ಮತ್ತು ಕ್ಲೆಮೆನ್‌ಸಿವಿಚ್ ಗಾಜಿನ ಎಲೆಕ್ಟ್ರೋಡಿನ ಗುಣವನ್ನು ವಿವರಿಸಿದರು. ಆದರೆ ಅದು ಸಾಮಾನ್ಯರ ಮೇಜಿಗೆ ಬಂದದ್ದು 1934ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ನಿಂಬೆರಸಕ್ಕೆ ಬೆರೆಸಿದ ಸಲ್ಫರ್ ಡೈಆಕ್ಸೈಡು ಬಣ್ಣದ ಸೂಚಕಗಳನ್ನೆಲ್ಲ ಕೆಡಿಸುತ್ತಿದ್ದುದರಿಂದ ಕಂಗೆಟ್ಟ ಗೆಳೆಯನೊಬ್ಬನಿಗಾಗಿ ಆರ್ನಾಲ್ಡ್ ಬೆಕ್‌ಮನ್ ಮೀಟರನ್ನು ಕಟ್ಟಿಕೊಟ್ಟ. ನಿಂಬೆಹಣ್ಣಿನ ಹುಳಿಗೆಂದು ಹುಟ್ಟಿದ ಉಪಕರಣ ಇಂದು ನದಿಗಳ ಆರೋಗ್ಯಕ್ಕೂ ಸಾಕ್ಷಿ ಹೇಳುತ್ತಿದೆ.

ಸಾಕ್ಷಿಯನ್ನು ನಂಬುವ ಮೊದಲು ಸಾಕ್ಷಿಯನ್ನೇ ಪರೀಕ್ಷಿಸಬೇಕು. ಅದನ್ನೇ ನಾವು ಕ್ಯಾಲಿಬ್ರೇಷನ್ ಎನ್ನುತ್ತೇವೆ. ಬೆಲೆ ಮೊದಲೇ ಗೊತ್ತಿರುವ ಬಫರ್ ದ್ರಾವಣಗಳು ಇಲ್ಲಿ ಅಕ್ಕಸಾಲಿಗನ ಒರೆಗಲ್ಲಿನಂತೆ. ಥ್ಯಾಲೇಟಿನದು 4.01, ಫಾಸ್ಫೇಟಿನದು 6.86, ಬೋರಾಕ್ಸಿನದು 9.18. ಎಲೆಕ್ಟ್ರೋಡನ್ನು ಒಂದೊಂದರಲ್ಲಿ ಅದ್ದಿ, ಅದು ಹೇಳುವುದಕ್ಕೂ ಹೇಳಬೇಕಾದುದಕ್ಕೂ ತಾಳೆ ನೋಡಿ, ಮೀಟರನ್ನು ಹೊಂದಿಸಬೇಕು. ಇದು ನಮಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಮಾಡಲಿಲ್ಲ.

ಕೆಲವು ವರ್ಷಗಳ ಹಿಂದೆ ದೀಪಾವಳಿಗೆ ಐದು ದಿನ ಪ್ರಯೋಗಾಲಯವನ್ನು ಮುಚ್ಚಿದ್ದೆವು. ಬೀಗ ಹಾಕುವ ಮುನ್ನ ಎಲೆಕ್ಟ್ರೋಡನ್ನು ಚೆನ್ನಾಗಿ ತೊಳೆದು, ಬಟ್ಟಿ ಇಳಿಸಿದ ನೀರು ತುಂಬಿದ ಬೀಕರಿನಲ್ಲಿ ನಿಲ್ಲಿಸಿ ಹೋದೆವು. ಶುದ್ಧವಾದ ನೀರು, ಅದರಿಂದೇನು ಕೇಡು ಎಂದುಕೊಂಡಿದ್ದೆವು. ಹಿಂದಿರುಗಿದ ಮೇಲೆ ಕೆಲಸ ರಾಶಿ ಬಿದ್ದಿತ್ತು. ಪ್ರತಿ ಬೆಳಿಗ್ಗೆ 6.86ರ ಬಫರಿನಲ್ಲಿ ಅದ್ದಿ, ಅಂಕಿಯನ್ನು ಹೊಂದಿಸಿ, ದಿನಚರಿಯಲ್ಲಿ ‘6.86, ಸರಿ’ ಎಂದು ಬರೆದು ಮುಂದಕ್ಕೆ ಹೋಗುತ್ತಿದ್ದೆವು. ಉಳಿದ ಎರಡು ಬಫರುಗಳ ಬಾಟಲಿಗಳು ಕಪಾಟಿನಲ್ಲಿಯೇ ಇದ್ದವು. ಈಗ ಆ ಪುಟಗಳನ್ನು ತಿರುವಿದರೆ ಮೂರು ಬೇರೆ ಬೇರೆ ಕೈಬರಹಗಳಲ್ಲಿ ಅದೇ ಎರಡು ಪದ, ಆರು ವಾರಗಳುದ್ದಕ್ಕೂ.

ಆ ಆರು ವಾರಗಳಲ್ಲಿ ಫರೀದಾಬಾದಿನ ಸಣ್ಣದೊಂದು ಲೋಹಲೇಪನ ಘಟಕದ ತ್ಯಾಜ್ಯ ನೀರೂ ನಮ್ಮಲ್ಲಿಗೆ ಬಂದಿತ್ತು. ನಿಕ್ಕಲ್, ಕ್ರೋಮಿಯಂಗಳನ್ನು ತಳಕ್ಕಿಳಿಸಲು ಇಂಥ ಘಟಕಗಳವರು ನೀರಿಗೆ ಸುಣ್ಣ ಹಾಕಿ ಕ್ಷಾರವಾಗಿಸುತ್ತಾರೆ. ಹೊರಗೆ ಬಿಡುವ ಮುನ್ನ ಆಮ್ಲ ಬೆರೆಸಿ ಮತ್ತೆ ಇಳಿಸಬೇಕು. ಪಿಎಚ್ 9ನ್ನು ಮೀರಬಾರದು ಎಂಬುದು ನಿಯಮ. ನಮ್ಮ ಮೀಟರು 8.90 ತೋರಿಸಿತು. ಮಿತಿಯೊಳಗಿದೆಯೆಂದು ವರದಿ ಬರೆದು ಸಹಿ ಹಾಕಿದೆವು. ಕೆಲವು ದಿನಗಳ ಬಳಿಕ ಅಧಿಕಾರಿಗಳು ಸ್ಥಳದಲ್ಲಿಯೇ ಅಳೆದಾಗ 9.4 ಬಂತು. ಘಟಕಕ್ಕೆ ನೋಟಿಸು ಹೋಯಿತು, ಕೆಲಸ ನಿಂತಿತು. ದಿನಗೂಲಿಯ ಹನ್ನೊಂದು ಮಂದಿ ಅಲ್ಲಿದ್ದರೆಂಬುದು ನಮಗೆ ಆಮೇಲೆ ತಿಳಿಯಿತು.

ಮಾಲೀಕರು ದೂರವಾಣಿಯಲ್ಲಿ ಮಾತನಾಡಿದಾಗ ನಮ್ಮ ಬಳಿ ಒಂದು ನೆಪ ಸಿದ್ಧವಾಗಿತ್ತು. ಅದು ಶಾಸ್ತ್ರಬದ್ಧವಾದ ನೆಪವೂ ಆಗಿತ್ತು. ಕ್ಷಾರದ ನೀರು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ, ಹೀರಿಕೊಂಡಂತೆ ಅದರ ಪಿಎಚ್ ಇಳಿಯುತ್ತದೆ. ಬಾಟಲಿ ಫರೀದಾಬಾದಿನಿಂದ ಓಖ್ಲಾಕ್ಕೆ ಬರುವಷ್ಟರಲ್ಲಿ ಹಾಗಾಗಿರಬೇಕು, ನಮ್ಮ ಅಳತೆ ತಪ್ಪಲ್ಲ. ಯಾವ ಪಠ್ಯಪುಸ್ತಕವೂ ಇದನ್ನು ಅಲ್ಲಗಳೆಯಲಾರದು. ಈ ಉತ್ತರವನ್ನು ಪತ್ರದಲ್ಲಿ ಬರೆಯಲೂ ತೊಡಗಿದ್ದೆವು. ಆದರೆ ಅದೇ ಮಾದರಿಯ ಇನ್ನೊಂದು ಬಾಟಲಿ, ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಿದ್ದು, ನಮ್ಮ ಶೀತಪೆಟ್ಟಿಗೆಯಲ್ಲಿಯೇ ಇತ್ತು. ಪತ್ರ ಮುಗಿಸುವ ಮೊದಲು ಅದನ್ನು ನೋಡದಿರಲು ನಮಗೆ ಕಾರಣ ಸಿಗಲಿಲ್ಲ.

ಆ ಸಂಜೆ ಬೀಗಮುದ್ರೆ ಒಡೆಯದ ಹೊಸ ಎಲೆಕ್ಟ್ರೋಡೊಂದನ್ನು ಹೊರತೆಗೆದು, ಅದನ್ನು ಸಿದ್ಧಪಡಿಸಿ, ಮೂರೂ ಬಫರುಗಳಲ್ಲಿ ಹೊಂದಿಸಿದೆವು. ಕೋಣೆಯ ಉಷ್ಣತೆಗೆ ಬಂದ ಮಾದರಿಯಲ್ಲಿ ಅದು 9.35 ಎಂದಿತು. ಹಳೆಯದನ್ನು ಅದೇ ನೀರಿನಲ್ಲಿ ಅದ್ದಿದೆವು: 8.90. ನೀರು ಬದಲಾಗಿರಲಿಲ್ಲ. ಹಳೆಯದನ್ನು ಬಫರುಗಳ ಮುಂದೆ ನಿಲ್ಲಿಸಿದಾಗ ಎಲ್ಲವೂ ಸ್ಪಷ್ಟವಾಯಿತು. 9.18 ಇರಬೇಕಾದಲ್ಲಿ ಅದು 8.76 ಎಂದಿತು, 4.01 ಇರಬೇಕಾದಲ್ಲಿ 4.52. ನಡುವಿನ 6.86ರಲ್ಲಿ ಮಾತ್ರ ಕೂದಲೆಳೆಯಷ್ಟೂ ತಪ್ಪದೆ 6.86. ಈ ಎರಡು ಕೊನೆಗಳ ನಡುವೆ ಸುಮಾರು 306 ಮಿಲಿವೋಲ್ಟಿನ ಅಂತರ ತೋರಬೇಕಾದದ್ದು 251ಕ್ಕೆ ಕುಗ್ಗಿತ್ತು. ನೂರಕ್ಕೆ ಎಂಬತ್ತೆರಡರಷ್ಟು ಮಾತ್ರ ಜೀವ ಉಳಿದಿದ್ದ ಎಲೆಕ್ಟ್ರೋಡನ್ನು, ಅದು ಎಂದಿಗೂ ಸುಳ್ಳು ಹೇಳಲಾರದ ಒಂದೇ ಜಾಗದಲ್ಲಿ ಪ್ರತಿದಿನ ಪ್ರಶ್ನಿಸಿ, ನಾವು ಸಮಾಧಾನಪಟ್ಟುಕೊಂಡಿದ್ದೆವು.

ಊರಿನ ಸಂತೆಯಲ್ಲಿ ವ್ಯಾಪಾರಿ ಮೊದಲು ಖಾಲಿ ತಕ್ಕಡಿಯನ್ನು ಎತ್ತಿ ತೋರಿಸುತ್ತಾನೆ. ಎರಡು ತಟ್ಟೆಗಳೂ ಸಮನಾಗಿ ನಿಂತರೆ ಕೊಳ್ಳುವವನಿಗೆ ನಂಬಿಕೆ. ಆದರೆ ಖಾಲಿ ತಕ್ಕಡಿ ನೆಟ್ಟಗೆ ನಿಂತ ಮಾತ್ರಕ್ಕೆ ತೂಕದ ಕಲ್ಲು ಸರಿಯಾಗಿದೆಯೆಂದು ಅರ್ಥವಲ್ಲ. ಕಲ್ಲಿನ ಮೋಸ ಗೊತ್ತಾಗುವುದು ಭಾರ ಬಿದ್ದಾಗಲೇ. ಏಳರ ಹತ್ತಿರ ಎಲೆಕ್ಟ್ರೋಡಿನ ಮೇಲೆ ಭಾರವೇ ಇಲ್ಲ; ಸೊನ್ನೆ ಮಿಲಿವೋಲ್ಟನ್ನು ಎಂಬತ್ತೆರಡರಿಂದ ಗುಣಿಸಿದರೂ ನೂರರಿಂದ ಗುಣಿಸಿದರೂ ಸೊನ್ನೆಯೇ. ಇನ್ನೂ ಒಂದು ಮಾತಿದೆ. ಗೋಲಕ್ಕೆ ಬಿರುಕು ಬಿಟ್ಟು ಎಲೆಕ್ಟ್ರೋಡು ಪೂರ್ತಿ ಸತ್ತರೆ, ಅದು ಸಾಮಾನ್ಯವಾಗಿ ಹುಣಸೆರಸಕ್ಕೂ ಏಳು ಎನ್ನುತ್ತದೆ, ಸುಣ್ಣದ ತಿಳಿಗೂ ಏಳು ಎನ್ನುತ್ತದೆ. ಸಮತೂಕದಂತೆ ಕಾಣುವ ಆ ಅಂಕಿ ಕೆಲವೊಮ್ಮೆ ನಿರ್ಜೀವತೆಯದೂ ಆಗಿರಬಹುದು.

ಮರುದಿನ ನಾವು ಫರೀದಾಬಾದಿಗೆ ಹೋದೆವು. ಘಟಕದ ಮಾಲೀಕರು ವಯಸ್ಸಾದವರು; ನಮ್ಮ ಮುಂದೆ ಚಹಾ ಇರಿಸಿ, ನಾವು ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ನಮ್ಮ ಹಾಳೆಯನ್ನು ನಂಬಿ, ಹಾಕುತ್ತಿದ್ದಷ್ಟು ಆಮ್ಲವೇ ಸಾಕೆಂದು ಅವರು ಮುಂದುವರಿದಿದ್ದರು. ತಪ್ಪನ್ನು ಒಪ್ಪಿ ಬರೆದ ತಿದ್ದುಪಡಿ ವರದಿಯನ್ನು ಅವರ ಕೈಗೆ ಕೊಟ್ಟೆವು. ಅಧಿಕಾರಿಗಳಿಗೂ ಒಂದು ಪ್ರತಿ ಕಳಿಸುವೆವೆಂದೆವು. ಅವರು ಬೈಯಲಿಲ್ಲ. ಹಣ ಹಿಂತಿರುಗಿಸಿ ಎಂದೂ ಕೇಳಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: ಇದೇ ಯಂತ್ರದಿಂದ ಇನ್ನೆಷ್ಟು ಜನರ ನೀರು ನೋಡಿದ್ದೀರಿ?

ಓಖ್ಲಾಕ್ಕೆ ಮರಳಿ ದಿನಚರಿ ಬಿಚ್ಚಿದೆವು. ಆರು ವಾರಗಳಲ್ಲಿ ಅರವತ್ತಮೂರು ಮಾದರಿಗಳು. ಹೆಚ್ಚಿನವು ಏಳು ಏಳೂವರೆಯ ನಡುವಿನ ಕುಡಿಯುವ ನೀರು, ನಿಜದಲ್ಲಿ 7.4 ಇದ್ದುದನ್ನು ನಾವು 7.3 ಎಂದಿದ್ದೆವು, ಅಷ್ಟೆ. ಕುಡಿಯುವ ನೀರಿಗೆ ಭಾರತೀಯ ಮಾನಕ ವಿಧಿಸಿರುವ ಮಿತಿ 6.5ರಿಂದ 8.5. ಅವರಾರಿಗೂ ಇದರಿಂದ ತೊಂದರೆಯಿರಲಿಲ್ಲ. ಆದರೂ ಏಳರಿಂದ ದೂರದಲ್ಲಿದ್ದ ನಾಲ್ಕು ಮಾದರಿಗಳಿದ್ದವು. ಆ ನಾಲ್ವರಿಗೂ ಕರೆ ಮಾಡಿ, ನಮ್ಮ ಖರ್ಚಿನಲ್ಲಿ ಮತ್ತೆ ನೀರು ತರಿಸಿಕೊಂಡೆವು. ಎರಡು ವರದಿಗಳ ತೀರ್ಪು ಬದಲಾಯಿತು. ನಾಲ್ಕು ಕರೆಗಳಲ್ಲಿ ಒಂದೊಂದನ್ನೂ ಮಾಡುವ ಮುನ್ನ ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡದ್ದು ಈಗಲೂ ನೆನಪಿದೆ.

ಹಳೆಯ ಎಲೆಕ್ಟ್ರೋಡನ್ನು ಉಳಿಸಿಕೊಳ್ಳಲು ಯತ್ನಿಸಿದೆವು. ಒಳಗಿನ ಉಪ್ಪುನೀರನ್ನು ತೆಗೆದು ಹೊಸದನ್ನು ತುಂಬಿದೆವು. ಸೌಮ್ಯವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅರ್ಧ ಗಂಟೆ ನೆನೆಸಿ, ಇಡೀ ರಾತ್ರಿ ಪೊಟ್ಯಾಸಿಯಂ ಕ್ಲೋರೈಡಿನಲ್ಲಿಟ್ಟೆವು. ಸ್ಲೋಪ್ 82ರಿಂದ 86ಕ್ಕೆ ಏರಿ ಅಲ್ಲಿಯೇ ನಿಂತಿತು. ಎರಡು ವರ್ಷ ದಾಟಿದ್ದ ಅದಕ್ಕೆ ಮುಪ್ಪೂ ಬಂದಿತ್ತು. ಆದರೆ ನಮ್ಮ ಐದು ದಿನಗಳ ಶುದ್ಧ ನೀರು ಅದನ್ನು ಇನ್ನಷ್ಟು ಬೇಗ ಕೆಡಿಸಿತ್ತು. ಮಡಿಯ ಕಲ್ಪನೆಯಲ್ಲಿ ಬೆಳೆದವರಿಗೆ ಇದನ್ನು ಒಪ್ಪುವುದು ಸುಲಭವಲ್ಲ: ಬಟ್ಟಿ ಇಳಿಸಿದ ನೀರು ಎಲೆಕ್ಟ್ರೋಡನ್ನು ತೊಳೆಯಲು ಬೇಕು, ಆದರೆ ಅದರಲ್ಲಿ ವಾಸವಿರಿಸಬಾರದು. ಏನೂ ಇಲ್ಲದ ನೀರು ತನ್ನಲ್ಲಿರುವುದನ್ನು ಕೊಡುವುದಿಲ್ಲ, ಎಲೆಕ್ಟ್ರೋಡಿನಲ್ಲಿರುವ ಉಪ್ಪನ್ನು ಎಳೆದುಕೊಳ್ಳುತ್ತದೆ. ಅದು ಇರಬೇಕಾದದ್ದು ಲೀಟರಿಗೆ ಸುಮಾರು 224 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಕರಗಿಸಿದ 3 ಮೋಲಾರ್ ದ್ರಾವಣದಲ್ಲಿ. ಊರಿನಿಂದ ಪ್ರತಿ ವರ್ಷ ರೈಲಿನಲ್ಲಿ ಬರುವ ಮಾವಿನ ಮಿಡಿಯ ಭರಣಿ ನಮ್ಮ ಅಡುಗೆಮನೆಯ ಮೂಲೆಯಲ್ಲಿದೆ. ಉಪ್ಪುನೀರು ಮಿಡಿಯ ಮೇಲೆ ನಿಂತಿದೆಯೇ ಎಂದು ಮನೆಯವರು ಆಗಾಗ ಮುಚ್ಚಳ ತೆಗೆದು ನೋಡುತ್ತಾರೆ. ಭರಣಿಗೆ ತೋರಿಸುವ ಆ ಜಾಗ್ರತೆಯನ್ನು ನಾವು ಎಲೆಕ್ಟ್ರೋಡಿಗೆ ತೋರಿಸಿರಲಿಲ್ಲ.

ದಿಲ್ಲಿಯ ಋತುಗಳೂ ಈ ಆರೈಕೆಯಲ್ಲಿ ಪಾಲು ಕೇಳುತ್ತವೆ. ಜೂನಿನ ಬಿಸಿಗಾಳಿಯಲ್ಲಿ ಟೊಪ್ಪಿಗೆಯೊಳಗಿನ ದ್ರಾವಣ ಬತ್ತಿ, ಬಿಳಿಯ ಉಪ್ಪು ಗಡ್ಡದಂತೆ ಹೊರಗೆ ಬೆಳೆಯುತ್ತದೆ. ಅದರಿಂದ ಕೇಡಿಲ್ಲ, ತೊಳೆದರೆ ಹೋಗುತ್ತದೆ. ಆದರೆ ಒಳಗೆ ದ್ರಾವಣ ಕಡಿಮೆಯಾಗಿದೆಯೆಂಬುದಕ್ಕೆ ಅದು ಸೂಚನೆ. ಜನವರಿಯ ಮುಂಜಾನೆ ಹೀಟರಿಲ್ಲದ ಕೋಣೆ 10 ಡಿಗ್ರಿಗೆ ಇಳಿದಾಗ ಗಾಜು ಮಂದವಾಗುತ್ತದೆ; ಅಂಕಿ ನಿಲ್ಲಲು ಹೊತ್ತು ಬೇಕು. ಆಗ ಒಂದು ಪಿಎಚ್ ಅಂಕದ ಬೆಲೆ 59.16 ಅಲ್ಲ, 56.2 ಮಿಲಿವೋಲ್ಟು, 40 ಡಿಗ್ರಿಯಲ್ಲಿ 62.1. ಬಫರುಗಳೂ ಸ್ಥಿರವಲ್ಲ. 25 ಡಿಗ್ರಿಯಲ್ಲಿ 9.18 ಇರುವ ಬೋರಾಕ್ಸ್ ದ್ರಾವಣ 10 ಡಿಗ್ರಿಯಲ್ಲಿ 9.33, 40 ಡಿಗ್ರಿಯಲ್ಲಿ 9.07. ಒರೆಗಲ್ಲು ಕೂಡ ಋತುವಿಗೆ ತಕ್ಕಂತೆ ಮಾತನಾಡುತ್ತದೆ. ಬಾಟಲಿಯ ಮೇಲಿನ ಉಷ್ಣತೆಯ ಪಟ್ಟಿಯನ್ನು ಓದದೆ ಅದನ್ನು ನಂಬುವಂತಿಲ್ಲ. ಬಫರಿಗೂ ಮಾದರಿಗೂ ಒಂದೇ ಉಷ್ಣತೆ ಬರುವವರೆಗೆ ಕಾಯಬೇಕು. ಬೀಕರಿಗೆ ಸುರಿದ ಬಫರನ್ನು ಮತ್ತೆ ಬಾಟಲಿಗೆ ಸುರಿಯಬಾರದು. ಅಳೆಯುವಾಗ ಮೇಲಿನ ತೂತನ್ನು ತೆರೆದಿರಬೇಕು, ಇಲ್ಲವಾದರೆ ಉಪ್ಪುನೀರು ಒಸರದು. ಗೋಲವನ್ನು ಮೆತ್ತನೆಯ ಕಾಗದದಿಂದ ಒತ್ತಿ ನೀರು ತೆಗೆಯಬೇಕು, ಉಜ್ಜಬಾರದು. ಚರಂಡಿಗಳ ನೀರಿನಲ್ಲಿರುವ ಸಲ್ಫೈಡು ಬೆಳ್ಳಿಯೊಡನೆ ಕೂಡಿ ಪಿಂಗಾಣಿಯ ರಂಧ್ರಗಳನ್ನು ಕಪ್ಪಾಗಿಸಿ ಮುಚ್ಚುತ್ತದೆ. ಆಮ್ಲ ಬೆರೆಸಿದ ಥಯೋಯೂರಿಯಾದಲ್ಲಿ ನೆನೆಸಿ ಅದನ್ನು ಬಿಡಿಸಬೇಕು.

ಏಳರ ಮೋಸವನ್ನು ಅರಿತ ಮೇಲೆ ನಮ್ಮ ಕಿಟಕಿಯಿಂದ ಬಹುದೂರವೇನಲ್ಲದ ಯಮುನೆಯನ್ನು ನೋಡುವ ಕಣ್ಣೂ ಬದಲಾಯಿತು. ವಜೀರಾಬಾದಿನಿಂದ ಓಖ್ಲಾದವರೆಗಿನ ಸುಮಾರು 22 ಕಿಲೋಮೀಟರಿನಲ್ಲಿ ನದಿ ನಗರದ ಚರಂಡಿಗಳನ್ನೆಲ್ಲ ಒಡಲಿಗೆ ಹಾಕಿಕೊಳ್ಳುತ್ತದೆ. ಕಾಲಿಂದಿ ಕುಂಜದ ಬಳಿ ಛಠ್ ಪೂಜೆಯ ದಿನಗಳಲ್ಲಿ ಹೆಂಗಸರು ನೊರೆಯ ನಡುವೆ ಸೊಂಟದುದ್ದ ನಿಂತು ಸೂರ್ಯನಿಗೆ ಅರ್ಘ್ಯ ಕೊಡುವ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಆ ನೀರಿನ ಪಿಎಚ್ ಸಾಮಾನ್ಯವಾಗಿ ಏಳರ ಆಸುಪಾಸಿನಲ್ಲಿಯೇ ಇರುತ್ತದೆ. ಸ್ನಾನಯೋಗ್ಯ ನೀರಿಗೆ ವಿಧಿಸಿದ 6.5ರಿಂದ 8.5ರ ಮಿತಿಯೊಳಗೇ ಅದು ನಿಲ್ಲುತ್ತದೆ. ಅದೇ ಮಾನದಂಡ ಕೇಳುವ, ಲೀಟರಿಗೆ 5 ಮಿಲಿಗ್ರಾಂ ಕರಗಿದ ಆಮ್ಲಜನಕವನ್ನು ಹುಡುಕಿದರೆ ಹಲವು ತಿಂಗಳು ಅಲ್ಲಿ ಸೊನ್ನೆ. ಪಿಎಚ್ ಒಂದನ್ನೇ ನೋಡಿ ಬರೆಯುವವನು ಆ ನದಿಗೂ ‘ಸರಿ’ ಎಂದು ಬರೆದುಬಿಡಬಹುದು.

ಅಳತೆ ಎಂಬುದು ಕೊನೆಗೂ ನಂಬಿಕೆಗಳ ಒಂದು ಸರಪಳಿ. ನಮ್ಮಂಥ ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ಎನ್‌ಎಬಿಎಲ್ ಗುರುಗ್ರಾಮದಲ್ಲಿದೆ. ದೇಶದ ಅಳತೆಗಳ ಮೂಲವನ್ನು ಕಾಯುವ ರಾಷ್ಟ್ರೀಯ ಭೌತ ಪ್ರಯೋಗಾಲಯ ಪೂಸಾದಲ್ಲಿದೆ. 1950ರ ಜನವರಿಯಲ್ಲಿ ಉದ್ಘಾಟನೆಗೊಂಡ ಆ ಸಂಸ್ಥೆಯಲ್ಲಿಯೇ ಭಾರತದ ಕಿಲೋಗ್ರಾಮಿನ ಮೂಲಪ್ರತಿಯೂ ಭಾರತೀಯ ಕಾಲಮಾನವೂ ಕಾಪಾಡಲ್ಪಟ್ಟಿವೆ. ಇಷ್ಟು ದೊಡ್ಡ ವ್ಯವಸ್ಥೆಗಳೆಲ್ಲ ನಮ್ಮಿಂದ ಒಂದು ಗಂಟೆಯ ದಾರಿಯಲ್ಲಿವೆ. ಆದರೂ ಸರಪಳಿಯ ಕೊನೆಯ ಕೊಂಡಿ ಬೆಳಿಗ್ಗೆ ಒಂಬತ್ತೂವರೆಗೆ ಬಫರಿನ ಎರಡನೆಯ, ಮೂರನೆಯ ಬಾಟಲಿಯ ಮುಚ್ಚಳ ತೆಗೆಯುವ ಕೈ. ಅದು ಸೋಮಾರಿಯಾದರೆ ಪೂಸಾದ ಯಾವ ಮೂಲಪ್ರತಿಯೂ ಏನು ಮಾಡೀತು?

ಫರೀದಾಬಾದಿನ ಘಟಕ ಎರಡು ವಾರಗಳಲ್ಲಿ ಮತ್ತೆ ತೆರೆಯಿತು. ಅವರ ನೀರು ಈಗಲೂ ನಮ್ಮಲ್ಲಿಗೇ ಬರುತ್ತದೆ. ಏಕೆಂದು ನಾವು ಕೇಳಿಲ್ಲ, ಅವರೂ ಹೇಳಿಲ್ಲ. ಬಾಟಲಿಯೊಡನೆ ಬರುವ ಹುಡುಗ ಮಾತ್ರ, ಮಾಲೀಕರ ಅಪ್ಪಣೆಯಂತೆ, ನಾವು ಅಂದಿನ ಬಫರುಗಳ ಅಂಕಿ ಬರೆದ ಪುಟವನ್ನು ನೋಡಿ, ಅದರ ಚಿತ್ರ ತೆಗೆದುಕೊಂಡು ಹೋಗುತ್ತಾನೆ.

ಹಳೆಯ ಎಲೆಕ್ಟ್ರೋಡನ್ನು ನಾವು ಎಸೆದಿಲ್ಲ. ತರಬೇತಿಗೆ ಬರುವ ವಿದ್ಯಾರ್ಥಿಗಳಿಗೆ ಮೊದಲ ದಿನ ಕೊಡುವುದು ಅದನ್ನೇ. 6.86ರಲ್ಲಿ ಹೊಂದಿಸಿ ನೋಡಿರಿ ಎನ್ನುತ್ತೇವೆ. ಅವರು ಹೊಂದಿಸಿ, ಚೆನ್ನಾಗಿದೆ ಎನ್ನುತ್ತಾರೆ. ಆಗ 9.18ರ ಬೀಕರನ್ನು ಮುಂದಕ್ಕೆ ಸರಿಸುತ್ತೇವೆ. ನಮ್ಮ ದಿನಚರಿಯಲ್ಲಿ ಈಗ ‘ಸರಿ’ ಎಂಬ ಪದವಿಲ್ಲ. ಮೂರು ಬಫರುಗಳಿಗೆ ಮೂರು ಅಂಕಣ, ಉಷ್ಣತೆಗೊಂದು, ಸ್ಲೋಪಿಗೊಂದು. ಸ್ಲೋಪಿನ ಅಂಕಣವನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಈಗಿನ ಎಲೆಕ್ಟ್ರೋಡಿನ ಆಯಸ್ಸು ತಿಂಗಳು ತಿಂಗಳಿಗೆ ಕಾಣುತ್ತದೆ: 99.4, 99.1, 98.5, 98.2. ತೊಂಬತ್ತೈದಕ್ಕೆ ಇಳಿದ ದಿನ ಅದಕ್ಕೆ ವಿಶ್ರಾಂತಿ ಕೊಡಬೇಕೆಂದು ಆ ಪುಟದ ತಲೆಯಲ್ಲಿ ಕೆಂಪು ಶಾಯಿಯಿಂದ ಬರೆದಿಟ್ಟಿದ್ದೇವೆ.